ಮೇರಿಗೋಲ್ಡ್ ಎಂಬ ವಿದ್ಯಾರ್ಥಿನಿ

ಡುಲೂತ್ ಎಂಬ ಊರಿನ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ವರ್ನಾ ಲಿಂಡ್‌ಕ್ವಿಸ್ಟ್‌ಗೆ ಹೊಟ್ಟೆಕಿಚ್ಚು. ಮುಚ್ಚಿಡುವುದೇನು ಬಂತು? ಆನ್‌ಲೈನ್‌ನಲ್ಲಿ ಜಗತ್ತಿಗೆಲ್ಲ ಬಿಟ್ಟಿ ಪಾಠ ಹೇಳುವುದನ್ನು ಆ ಕಾಲೇಜಿನಲ್ಲಿ ಶುರು ಮಾಡಿದವಳೇ ಅವಳು. ಮೊನ್ನೆ ಮೊನ್ನೆ ಬಂದ ಡೆಸ್ಮಂಡ್ ಅದೇ ವಿಷಯಕ್ಕೆ ಇನ್ನೊಂದು ಕೋರ್ಸ್ ಮಾಡಿ, ಪಾಠದ ವಿಡಿಯೊದಲ್ಲಿ ಪಿಜ್ಜಾ ತುಂಡು ಹಿಡಿದು ಕುಣಿದಾಡಿ, ಅವಳ ಕಡೆ ಬರಬೇಕಾದವರನ್ನೆಲ್ಲ ಎಳೆದುಕೊಂಡ. ಸಾಲದ್ದಕ್ಕೆ ಈ ಕೋರ್ಸುಗಳನ್ನು ನೋಡಿಕೊಳ್ಳುವ ಪಾಲೆಟ್, ಎರಡರಲ್ಲಿ ಒಂದನ್ನು ಮಾತ್ರ ಉಳಿಸುತ್ತೇವೆ, ಇನ್ನೊಂದನ್ನು ಮುಚ್ಚುತ್ತೇವೆ ಎಂದುಬಿಟ್ಟಳು.

ವರ್ನಾ ಸುಮ್ಮನಿರುವವಳಲ್ಲ. ಮೇರಿಗೋಲ್ಡ್ ಎಂಬ ಸುಳ್ಳು ಹೆಸರಿನಲ್ಲಿ ಡೆಸ್ಮಂಡನ ಕೋರ್ಸಿಗೆ ಸೇರಿಕೊಂಡಳು. ಅವನ ಹುಳುಕನ್ನೆಲ್ಲ ಕೆದಕಿ, ಚರ್ಚೆಯ ಪುಟದಲ್ಲಿ ಎಲ್ಲರೆದುರು ಮಾನ ಕಳೆಯಬೇಕೆಂಬುದು ಲೆಕ್ಕಾಚಾರ.

ಹುಳುಕು ಸಿಕ್ಕಿತು. ಮೂರನೆಯ ಪಾಠದಲ್ಲಿ ಅವನು ಸರಾಸರಿಯ ಬಗ್ಗೆ ಹೇಳಿದ್ದು ಅರೆಬರೆ. ಅವಳು ಖುಷಿಯಿಂದ ಬರೆದು ಹಾಕಿದಳು. ಆದರೆ ಹಾಳು ಮೇಷ್ಟ್ರ ಬುದ್ಧಿ ಬಿಡಬೇಕಲ್ಲ! ತಪ್ಪು ತೋರಿಸಿದ ಮೇಲೆ ಸರಿ ಯಾವುದೆಂದು ಹೇಳದಿದ್ದರೆ ಅವಳ ಕೈ ನಿಲ್ಲುತ್ತಿರಲಿಲ್ಲ. ಉದಾಹರಣೆ ಕೊಟ್ಟು, ಬಿಡಿಸಿ ಬಿಡಿಸಿ ಬರೆದಳು. ಮನಿಲಾದ ನರ್ಸೊಬ್ಬಳು, ನಿಮ್ಮಿಂದ ಈಗ ಅರ್ಥವಾಯಿತು ಎಂದು ಬರೆದಳು. ನೈರೋಬಿಯ ಬಸ್ ಡ್ರೈವರ್ ಇನ್ನೊಂದು ಪ್ರಶ್ನೆ ಕೇಳಿದ. ಡೆಸ್ಮಂಡನೋ, ನಾಚಿಕೆಯಿಲ್ಲದೆ ಥ್ಯಾಂಕ್ಸ್ ಹೇಳಿ ಪಾಠ ತಿದ್ದಿಕೊಂಡ.

ಅವಳಿಗೆ ಇನ್ನಷ್ಟು ಉರಿಯಿತು, ಇನ್ನಷ್ಟು ಬರೆದಳು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಕೂತರೆ ಮೊದಲು ತೆರೆಯುತ್ತಿದ್ದುದು ಅವನ ಪುಟವನ್ನೇ. ತನ್ನ ಕೋರ್ಸಿನ ಕಡೆ ಆಮೇಲೆ ನೋಡಿದರಾಯಿತು ಎಂದುಕೊಳ್ಳುತ್ತಿದ್ದಳು. ಆ ಆಮೇಲೆ ಬರಲೇ ಇಲ್ಲ.

ಚಳಿಗಾಲ ಮುಗಿದು ಊರ ಪಕ್ಕದ ಸರೋವರದ ಮಂಜುಗಡ್ಡೆ ಒಡೆಯುವ ಹೊತ್ತಿಗೆ ತೀರ್ಮಾನದ ಸಭೆ, ಮೂವರೂ ಊಟದ ಮೇಜಿಗೆ ಕೂತಿದ್ದರು. ಆ ಕಡೆಯ ನೀರಿನಲ್ಲಿ ತಾನಾಗಿ ಬೆಳೆಯುವ ಕಾಡಕ್ಕಿಯ ಸೂಪ್ ಕುಡಿಯುತ್ತಾ ಪಾಲೆಟ್, ಇಬ್ಬರ ಪಾಠವೂ ಚೆನ್ನಾಗಿದೆ, ಆದರೆ ಡೆಸ್ಮಂಡನ ಕೋರ್ಸನ್ನೇ ಉಳಿಸುವುದು ಎಂದಳು. ವರ್ನಾ ಬಟ್ಟಲನ್ನು ಪಕ್ಕಕ್ಕೆ ತಳ್ಳಿದಳು.

"ಯಾಕೆ? ನಂದರಲ್ಲಿ ಏನ್ ಕಮ್ಮಿ ಇತ್ತು?" ಎಂದಳು.

"ಅವನ ಕೋರ್ಸಲ್ಲಿ ಮೇರಿಗೋಲ್ಡ್ ಅಂತ ಒಬ್ಬಳಿದಾಳೆ. ಯಾರು ಏನೇ ಕೇಳಲಿ, ಕೂತು ಉತ್ತರ ಕೊಡ್ತಾಳೆ. ಅವಳಿಂದಾನೇ ಜನ ಅರ್ಧಕ್ಕೆ ಬಿಟ್ಟು ಹೋಗ್ದೆ ಮುಗಿಸ್ತಾರೆ. ನಿಮ್ಮ ಕೋರ್ಸಲ್ಲಿ ಕೇಳಿದ ಪ್ರಶ್ನೆಗಳು ಹಾಗೇ ಬಿದ್ದಿವೆ, ವರ್ನಾ."

ಅದು ನಾನೇ ಎಂಬ ಮಾತು ವರ್ನಾಳ ಗಂಟಲಿನವರೆಗೆ ಬಂತು. ಹೇಳಿದರೆ, ಸುಳ್ಳು ಹೆಸರಲ್ಲಿ ಅಲ್ಲಿಗೆ ಯಾಕೆ ಹೋಗಿದ್ದೆ ಎಂಬುದನ್ನೂ ಹೇಳಬೇಕಲ್ಲ. ನುಂಗಿಕೊಂಡಳು.

ಡೆಸ್ಮಂಡ್ ಪಾಪ, ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡ. ಅವನ ಮುಖದಲ್ಲಿ ಕುಹಕವೇನೂ ಇರಲಿಲ್ಲ.

"ನನಗಿಂತ ಚೆನ್ನಾಗಿ ಹೇಳ್ಕೊಡ್ತಾಳೆ ಆಕೆ, ನಿಜ ಹೇಳ್ತೀನಿ. ಅಂಥೋಳು ನಿಮ್ಗೆ ಸಿಕ್ಕಿದ್ರೆ ನಿಮ್ಮ ಕೋರ್ಸೂ ಉಳೀತಿತ್ತು."