ಕಂಬಳಿ ಮುಟ್ಟಿಸಿದರೆ ಕುಡಿತ ಬಿಡುತ್ತದೆಯೇ?

ಕಂಬಳಿ ಮುಟ್ಟಿ ಆಣೆ ಮಾಡಿದವನು ಪ್ರಾಣ ಹೋದರೂ ಮಾತು ತಪ್ಪುವುದಿಲ್ಲ. ಮಾರಿಕಣಿವೆ ಕಡೆಯ ಹಟ್ಟಿಯ ಬೊಮ್ಮಕ್ಕ ನಂಬಿದ್ದು ಇದನ್ನೇ. ಕುರಿ ಕಾಯುವ ಮನೆತನದಲ್ಲಿ ಕಂಬಳಿಗಿಂತ ದೊಡ್ಡದು ಯಾವುದಿದೆ? ಅದಕ್ಕೇ ಗಂಡ ತಿಮ್ಮರಾಯಪ್ಪನ ಕುಡಿತ ಬಿಡಿಸಲು ಅವಳು ಮೂರು ಸಲ ಕಂಬಳಿ ಮುಟ್ಟಿಸಿದ್ದಳು. ಮೂರು ಸಲವೂ ಅವನು ಆಣೆ ತಪ್ಪಿದ್ದ.

ನಾಲ್ಕನೇ ಸಲ ಮುಟ್ಟಿಸಿದಾಗ ಅವನು ನಿಜವಾಗಿಯೂ ಒಮ್ಮೆಲೇ ಬಿಟ್ಟ. ಮರುದಿನವೇ ಕೈ ನಡುಗತೊಡಗಿತು, ಮೈಯೆಲ್ಲ ಬೆವರು. ಮೂರನೇ ದಿನ ಬೆಳಗ್ಗೆ ಕುರಿ ರೊಪ್ಪದಲ್ಲಿ ಫಿಟ್ಸ್ ಬಂದು ಬಿದ್ದುಬಿಟ್ಟ. ದೇವರ ಶಾಪವೆಂದು ಬೊಮ್ಮಕ್ಕ ನಿಂಬೆಹಣ್ಣು ನಿವಾಳಿಸಲು ಓಡಿದಳು. ಪುಣ್ಯಕ್ಕೆ ಆಶಾ ಕಾರ್ಯಕರ್ತೆ ಪುಟ್ಟಕ್ಕ ಅದೇ ದಾರಿಯಲ್ಲಿ ಬರುತ್ತಿದ್ದಳು. ಅವಳು ಆಂಬುಲೆನ್ಸ್ ಕರೆಸಿ ಅವನನ್ನು ಆಸ್ಪತ್ರೆ ಸೇರಿಸಿದಳು.

"ಶಾಪ ಅಲ್ಲಮ್ಮ ಇದು," ಎಂದರು ಡಾಕ್ಟರ್. "ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಲೇ ಬಿಟ್ಟರೆ ಹಿಂಗಾಗಬಹುದು. ಔಷಧಿ ಕೊಟ್ಟೇ ಬಿಡಿಸಬೇಕು. ಇನ್ನೊಮ್ಮೆ ಹಿಂಗೆ ಮಾಡಿದರೆ ಜೀವಕ್ಕೇ ಅಪಾಯ."

ವಾರದ ಮೇಲೆ ತಿಮ್ಮರಾಯಪ್ಪ ಮನೆಗೆ ಬಂದ. ಮೈ ಸುಧಾರಿಸಿತ್ತು, ಆದರೆ ಯಾರೊಂದಿಗೂ ಮಾತಿಲ್ಲ. ಇವನು ಮತ್ತೆ ಕುಡಿದರೆ ಉಳಿಯುವುದಿಲ್ಲ ಎಂಬ ಭಯಕ್ಕೆ ಬೊಮ್ಮಕ್ಕನಿಗೆ ಅನ್ನ ಸೇರುತ್ತಿರಲಿಲ್ಲ.

ಪುಟ್ಟಕ್ಕ ಬಂದು ಕುಳಿತಳು. "ಔಷಧಿ ಮೈಗಾತು, ಮನಸ್ಸಿಗೆ ಏನ್ ಮಾಡ್ತೀಯ? ಭಾನುವಾರ ಹಿರಿಯೂರಾಗೆ ಕುಡಿತ ಬಿಟ್ಟೋರ ಸಭೆ ಐತೆ. ಈ ಸಲ ಮನೆಯೋರೂ ಬರಬೌದು. ಹೋಗಾಣ."

"ಕುಡುಕರೆಲ್ಲ ಸೇರಿ ಏನ್ ಉದ್ಧಾರ ಮಾಡ್ತಾರೆ? ಕುರುಡ ಕುರುಡಂಗೆ ದಾರಿ ತೋರ್ಸಿದಂಗೆ," ಎಂದಳು ಬೊಮ್ಮಕ್ಕ.

"ಆ ದಾರಿ ನಡೆದು ಪಾರಾದೋರು ಅವ್ರು. ನನಗಿಂತ, ನಿನಗಿಂತ ಅವ್ರಿಗೇ ಚೆನ್ನಾಗಿ ಗೊತ್ತು."

"ಊರೋರಿಗೆ ಗೊತ್ತಾದ್ರೆ ಮರ್ಯಾದಿ ಏನಾಗ್ಬೇಕು?"

"ನಿನ್ ಗಂಡ ಬಸ್ ಸ್ಟ್ಯಾಂಡಾಗೆ ಬಿದ್ದಿದ್ದಾಗ ಹೋಗದಿದ್ದ ಮರ್ಯಾದಿ, ಕುಡಿತ ಬಿಡಾಕೆ ಹೊಂಟ್ರೆ ಹೋಗುತ್ತಾ? ಅಲ್ಲಿ ಆಡಿದ ಮಾತು ಅಲ್ಲೇ ಉಳಿತೈತೆ. ಫೀಜಿಲ್ಲ, ಜಾತಿ ಕೇಳಲ್ಲ. ಬಿಡ್ಬೇಕು ಅನ್ನೋ ಮನಸ್ಸಿದ್ರೆ ಸಾಕು."

ಬೊಮ್ಮಕ್ಕ ಒಪ್ಪಿದಳು. ಆದರೆ ಯಾರಿಗೂ ಹೇಳದೆ ಚೀಲದಲ್ಲಿ ಕಂಬಳಿ ಇಟ್ಟುಕೊಂಡೇ ಹೊರಟಳು.

ಶಾಲೆಯ ಕೋಣೆಯೊಂದರಲ್ಲಿ ಹತ್ತು ಹನ್ನೆರಡು ಮಂದಿ ಸುತ್ತಲೂ ಕುಳಿತಿದ್ದರು. "ಬರ್ರಿ, ಕುಂತ್ಕಳ್ರಿ," ಎಂದು ಚಹಾ ಕೊಟ್ಟವರು ಹೊಳಲ್ಕೆರೆಯ ವ್ಯಾಪಾರಿ. ಆಮೇಲೆ ಅವರೇ ಮೊದಲು ಮಾತಾಡಿದರು. "ನನ್ನೆಸ್ರು ಶಿವಕುಮಾರಪ್ಪ. ನಾನೊಬ್ಬ ಕುಡುಕ. ಹನ್ನೊಂದು ವರ್ಷದಿಂದ ಮುಟ್ಟಿಲ್ಲ. ಆದ್ರೂ ವಾರವಾರ ಬರ್ತೀನಿ."

ಬೊಮ್ಮಕ್ಕ ತಟ್ಟನೆ ಎದ್ದು ಕಂಬಳಿ ತೆಗೆದಳು. "ಅಣ್ಣಾ, ಇಷ್ಟು ಜನದ ಮುಂದೆ ಇವ್ರ ಕೈಲಿ ಇನ್ನೊಂದ್ಸಲ ಆಣೆ ಮಾಡಿಸ್ರಿ!"

ತಿಮ್ಮರಾಯಪ್ಪನ ತಲೆ ಇನ್ನಷ್ಟು ಬಾಗಿತು. ಯಾರೂ ನಗಲಿಲ್ಲ.

"ತಂಗೀ, ಅದನ್ನ ಒಳಗಿಡು," ಎಂದರು ಶಿವಕುಮಾರಪ್ಪ. "ನಾನು ಲಿಂಗ ಮುಟ್ಟಿ ಆಣೆ ಮಾಡ್ದೋನು, ಆರು ಸಲ. ತಪ್ಪಿದ ಮೇಲೆ ನಾಚ್ಕೆ. ಆ ನಾಚ್ಕೆ ಮರೆಯಾಕೆ ಮತ್ತೊಂದು ಕ್ವಾರ್ಟರ್. ಇದು ಕಾಯಿಲೆ. ಸಕ್ಕರೆ ಕಾಯಿಲೆ ಬಂದೋರಿಗೆ ಆಣೆ ಹಾಕ್ಸಿದ್ರೆ ವಾಸಿಯಾಗುತ್ತಾ? ಇಲ್ಲಿ ಜೀವಮಾನದ ಮಾತಿಲ್ಲ. ಇವತ್ತೊಂದಿನ ಕುಡಿಯಲ್ಲ, ಅಷ್ಟೇ. ನಾಳೆದು ನಾಳೆ."

ಆಗ ತಿಮ್ಮರಾಯಪ್ಪ ಬಾಯಿ ಬಿಟ್ಟ. "ಆಣೆ ತಪ್ಪಿದಾಗೆಲ್ಲ ಇವಳ ಮುಖ ನೋಡಾಕೆ ಆಗ್ತಿರ್ಲಿಲ್ಲ. ಅದಕ್ಕೇ ಇನ್ನೂ ಕುಡಿತಿದ್ದೆ."

ಬೊಮ್ಮಕ್ಕ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಗಂಡನನ್ನು ಉಳಿಸಿಕೊಳ್ಳಲು ಮಾಡಿದ್ದೇ ಅವನನ್ನು ಒಳಗೊಳಗೇ ಕೊಂದಿತ್ತಲ್ಲ ಎಂದು ಅವಳಿಗೆ ಸಂಕಟವಾಯಿತು. ಪಕ್ಕದಲ್ಲಿದ್ದ ಹೆಂಗಸೊಬ್ಬಳು ಅವಳ ಕೈ ಹಿಡಿದುಕೊಂಡಳು. ಆ ಹೆಂಗಸಿನ ಗಂಡನೂ ಅಲ್ಲಿಗೆ ಬರುತ್ತಿದ್ದ.

ಅಂದಿನಿಂದ ತಿಮ್ಮರಾಯಪ್ಪ ಭಾನುವಾರ ತಪ್ಪಿಸಲಿಲ್ಲ. ಯಾವ ಹೊತ್ತಿಗಾದರೂ ಫೋನ್ ಮಾಡು ಎಂದು ಶಿವಕುಮಾರಪ್ಪ ತಮ್ಮ ನಂಬರ್ ಕೊಟ್ಟಿದ್ದರು. ಆದರೆ ಎರಡು ತಿಂಗಳ ಮೇಲೆ, ಕುರಿ ಸಂತೆಯಲ್ಲಿ ದಲ್ಲಾಳಿಯ ಒತ್ತಾಯಕ್ಕೆ ಕುಡಿದುಬಿಟ್ಟ. ಹಿಂದೆಲ್ಲ ಇಂಥ ಹೊತ್ತಿನಲ್ಲಿ ಮೂರು ದಿನ ಮನೆ ಕಡೆ ತಲೆ ಹಾಕುತ್ತಿರಲಿಲ್ಲ. ಬಂದ ಮೇಲೆ ನೂರು ಸುಳ್ಳು.

ಈ ಸಲ ನೆಟ್ಟಗೆ ಮನೆಗೆ ಬಂದು ಹೆಂಡತಿಯ ಎದುರು ನಿಂತ. "ಬೊಮ್ಮೀ, ಇವತ್ತು ಕುಡ್ದೆ. ಶಿವಕುಮಾರಪ್ಪಣ್ಣಂಗೆ ಫೋನ್ ಹಚ್ಚು."

ಬೈಗುಳ ಅವಳ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡು ಫೋನ್ ಹಚ್ಚಿದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ, ಕುಡಿದ ದಿನವೇ ಅವನು ತಾನಾಗಿ ಬಂದು ನಿಜ ಹೇಳಿದ್ದು ಅದೇ ಮೊದಲು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಇಂಥ ಜೀವವೊಂದಿದ್ದರೆ ಆಣೆ ಹಾಕಿಸಬೇಡಿ, ಒಮ್ಮೆಲೇ ಬಿಡಿಸಲೂ ಹೋಗಬೇಡಿ. ಮೊದಲು ಡಾಕ್ಟರಿಗೆ ತೋರಿಸಿ. ಕುಡಿತ ಬಿಟ್ಟವರ ಸಭೆ ಹತ್ತಿರದಲ್ಲಿ ಎಲ್ಲಿ ನಡೆಯುತ್ತದೆ ಎಂದು ಆಸ್ಪತ್ರೆಯಲ್ಲಿ, ಆಶಾ ಕಾರ್ಯಕರ್ತೆಯ ಬಳಿ ಕೇಳಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಒಮ್ಮೆ ಜಾರಿದರೆ ಎಲ್ಲ ಮುಗಿಯಿತೆಂದು ಕೂರಬೇಡಿ, ಮತ್ತೆ ಹೋಗಿ. ಜನ ಏನಂದಾರು ಎನ್ನುತ್ತೀರಾ? ಜೀವವೇ ಹೋದ ಮೇಲೆ ಆ ಜನ ಮಣ್ಣು ಹಾಕಲು ಬರುತ್ತಾರೆ, ಅಷ್ಟೇ.