ಬಣ್ಣದ ಕೆಳಗಿನ ತೊಲೆ

ಭಾವ ಬೆರಳ ಗಿಣ್ಣಿನಿಂದ ವಿಮಾನದ ರೆಕ್ಕೆಯನ್ನು ಮತ್ತೊಮ್ಮೆ ತಟ್ಟಿದ. ಬುಡದಿಂದ ಒಂದು ಮೊಳದವರೆಗೆ ಸದ್ದು ಗಟ್ಟಿಯಾಗಿತ್ತು. ಆಮೇಲೆ ಒಂದು ಕಡೆ ಮಾತ್ರ ಒದ್ದೆ ಹಲಗೆಗೆ ತಟ್ಟಿದಂತೆ ಮಂಕಾಯಿತು.

“ಒಳಗಿಂದ ಯಾರಾದ್ರೂ ಬಾಗಿಲು ತೆಗೀತಾರಾ ಅಂತ ಕಾಯ್ತಿದ್ದೀರಾ ಭಾವ?” ಎಂದ ಹಲ್ಲಿನ ಡಾಕ್ಟರ.

ಭಾವ ನಗಲಿಲ್ಲ. ಮನೆಯಲ್ಲೇ ಕಟ್ಟಿದ ಇಂಥ ಪುಟ್ಟ ವಿಮಾನಗಳನ್ನು ತಪಾಸಣೆ ಮಾಡಿ, ಹಾರಲು ಒಪ್ಪಿಗೆ ಕೊಡುವುದು ಅವನ ಕೆಲಸ. ಇದನ್ನು ಕಟ್ಟಿದವನು ಈ ಡಾಕ್ಟರ, ತಂಗಿಯ ಗಂಡ. ಇಷ್ಟು ದಿನ ಒಬ್ಬನೇ ಹಾರಿಸುತ್ತಿದ್ದ. ಹೋದ ತಿಂಗಳು ಇಳಿಯುವಾಗ ಎಡರೆಕ್ಕೆ ಬೇಲಿಕಂಬಕ್ಕೆ ತಗುಲಿ ಒಳಗಿನ ಮರದ ತೊಲೆ ಬಿರುಕುಬಿಟ್ಟಿತ್ತು. ಡಾಕ್ಟರ ತಾನೇ ಅದಕ್ಕೆ ಮರದ ಪಟ್ಟಿ ಅಂಟಿಸಿ, ಭಾವ ಬಂದು ನೋಡುವ ಮೊದಲೇ ಮೇಲೆ ಬಟ್ಟೆ ಬಿಗಿದು ಕೆಂಪು ಬಣ್ಣ ಹೊಡೆದಿದ್ದ. ಇವತ್ತು ಹೆಂಡತಿಯನ್ನು ಮೊದಲ ಸಲ ಕೂರಿಸಿಕೊಂಡು ಹಾರುತ್ತೇನೆಂದು ಎಲ್ಲರಿಗೂ ಹೇಳಿಕೊಂಡಿದ್ದ.

“ಒಂದು ಗೇಣು ಬಟ್ಟೆ ಕತ್ತರಿಸಿ ನೋಡ್ಬೇಕು ಡಾಕ್ಟ್ರೇ. ಹಲ್ಲಿನ ತೂತು ಮುಚ್ಚೋ ಮುಂಚೆ ನೀವು ಒಳಗೆ ನೋಡಲ್ವಾ?”

“ನೋಡಿಯೇ ಮುಚ್ಚಿದ್ದು. ನನ್ನ ಕೈ ಮೇಲೆ ನಂಬಿಕೆ ಇಲ್ವಾ?”

ಡಾಕ್ಟರ ದನಿ ತಗ್ಗಿಸಿದ. ಅಂಟು ಕೂರಲೆಂದು ಎರಡು ದಿನ ಬಿಗಿದಿಟ್ಟಿದ್ದೆ, ಬಣ್ಣಕ್ಕೇ ಒಂದು ವಾರ ಹಿಡಿಯಿತು, ಹೊರಗೆ ಕುರ್ಚಿ ಹಾಕಿಕೊಂಡು ಕೂತ ನೆಂಟರೆದುರು ಕತ್ತರಿ ಆಡಿಸಿದರೆ ನಾನು ಮುಖ ಎಲ್ಲಿಡಲಿ ಎಂದ. ಅದರಲ್ಲಿ ಸುಳ್ಳಿರಲಿಲ್ಲ. ಅವನ ಕೈ ಒಳ್ಳೆಯದೇ. ಆದರೆ ಹೋದ ತಿಂಗಳು ಈ ಶೆಡ್ಡಿನಲ್ಲಿ ಹಲ್ಲು ಕಟಕಟಿಸುವ ಚಳಿ. ಚಳಿಯಲ್ಲಿ ಅಂಟು ಹಿಡಿದಂತೆ ಕಾಣುತ್ತದೆ, ಹಿಡಿದಿರುವುದಿಲ್ಲ. ಒಮ್ಮೆ ಹೊಲವೊಂದರಲ್ಲಿ ಬಿದ್ದ ರೆಕ್ಕೆಯನ್ನು ಭಾವ ಕೈಯಾರೆ ಎತ್ತಿದ್ದ. ಅಂಟು ಬಿಟ್ಟ ಜಾಗ ನೆಕ್ಕಿದ ತಟ್ಟೆಯಂತೆ ನುಣ್ಣಗಿತ್ತು. ಮರದ ಒಂದು ಎಳೆಯೂ ಕಿತ್ತು ಬಂದಿರಲಿಲ್ಲ. ವಿಮಾನದಲ್ಲಿದ್ದವರನ್ನು ಬೇರೆಯವರು ಎತ್ತಿದ್ದರು.

ಕಿಟಕಿಯಾಚೆ ತಂಗಿ ಆಗಲೇ ಹೆಲ್ಮೆಟ್ ಹಾಕಿಕೊಂಡು ನೆಂಟರ ಜೊತೆ ನಗುತ್ತಿದ್ದಳು. ಎಷ್ಟೋ ವರ್ಷಗಳ ರಜಾದಿನಗಳನ್ನು ಅವಳು ಈ ಶೆಡ್ಡಿಗೆ ಬಿಟ್ಟುಕೊಟ್ಟಿದ್ದಳು.

ಭಾವ ಒಪ್ಪಿಗೆಯ ಹಾಳೆಗೆ ಸಹಿ ಹಾಕಿದ. ದಾಕ್ಷಿಣ್ಯಕ್ಕೆ.

ಡಾಕ್ಟರನ ಸಂತೋಷ ಹೇಳತೀರದು. ಹಾಳೆಯನ್ನು ಜೇಬಿಗೆ ತುರುಕಿಕೊಂಡು, ಭಾವನ ಕೈ ಹಿಡಿದು ಹೊರಗೆ ಕರೆತಂದ. ಎಲ್ಲರೆದುರು ಹೆಂಡತಿಯ ತಲೆಯಿಂದ ಹೆಲ್ಮೆಟ್ ಬಿಡಿಸಿ ಅವನತ್ತ ಚಾಚಿದ.

“ಮೊದಲ ಸುತ್ತು ನಿಮ್ಮದೇ. ಹತ್ತಿ ಭಾವ.”

ಭಾವನ ಕೈ ಮೇಲೇಳಲಿಲ್ಲ. “ನಾನು ಬರಲ್ಲ.”

“ಬೆನ್ನುನೋವಾ?”

“ಬೆನ್ನು ಚೆನ್ನಾಗಿದೆ.”

ತಂಗಿ ಅವನ ಮುಖ ನೋಡಿದಳು, ಆಮೇಲೆ ಶೆಡ್ಡಿನೊಳಗಿನ ಕೆಂಪು ರೆಕ್ಕೆ ನೋಡಿದಳು.

“ನೀನು ಹತ್ತದಿರೋದ್ರಲ್ಲಿ ನನ್ನನ್ನ ಕೂರಿಸ್ತಿದ್ದೆ ಅಲ್ವಾ ಅಣ್ಣ?”

ಭಾವ ಡಾಕ್ಟರನ ಜೇಬಿನಿಂದ ಇಣುಕುತ್ತಿದ್ದ ಹಾಳೆಯನ್ನು ಎಳೆದು, ಹರಿದು, ಚೂರುಗಳನ್ನು ಮುಷ್ಟಿಯಲ್ಲೇ ಹಿಡಿದುಕೊಂಡು ನಿಂತ.

“ಭಾವನಿಗೆ ವಯಸ್ಸಾಯ್ತು, ಹೆದರಿಕೆ. ನೀನು ಬಾ,” ಎಂದು ಡಾಕ್ಟರ ನಗಲು ನೋಡುತ್ತ ಹೆಲ್ಮೆಟ್ಟನ್ನು ಹೆಂಡತಿಯ ಮುಂದೆ ಹಿಡಿದ.

ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

“ನಾನು ಹತ್ತಲ್ಲ ರೀ.”