ಬಂಡಿ ತಿರುಗುವ ಜಾಗ

ಸಿಂಧನೂರಿನ ಬಂಡಿ ಓಣಿಯನ್ನು ಯಾರೂ ನಕ್ಷೆ ಹಾಕಿ ಕಟ್ಟಿದ್ದಲ್ಲ. ಜವಳಗೇರಾ, ಗೊರೇಬಾಳದಿಂದ ಮಿಲ್ಲಿಗೆ ಭತ್ತ ತಂದ ಬಂಡಿಯವರು ಎತ್ತು ಕಟ್ಟಿದಲ್ಲೇ ಒಲೆ ಹೂಡಿದರು, ಒಲೆ ಹೂಡಿದಲ್ಲೇ ಗೋಡೆ ಎಬ್ಬಿಸಿದರು. ಕುರುಬರು ಇಲ್ಲಿ, ಮುಸಲ್ಮಾನರು ಅಲ್ಲಿ ಎಂದು ಸಾಲು ಹಚ್ಚಲು ಯಾರಿಗೂ ಪುರುಸೊತ್ತಿರಲಿಲ್ಲ. ಓಣಿಯ ಕೊನೆಗೆ ಮಿಲ್ಲಿನ ಗೋಡೆ ಅಡ್ಡ. ಹಾಗಾಗಿ ಹಿರಿಯರು ಮಾಡಿದ್ದು ಒಂದೇ ಕಟ್ಟಳೆ: ಬಂಡಿ ತಿರುಗುವ ಜಾಗದಲ್ಲಿ ಯಾರೂ ಕಟ್ಟೆ ಕಟ್ಟಬಾರದು.

ಎಂಬತ್ತರ ದಶಕ ಮುಗಿಯುವಷ್ಟರಲ್ಲಿ ಟ್ರ್ಯಾಕ್ಟರುಗಳು ಭತ್ತವನ್ನೆಲ್ಲ ಕಸಿದುಕೊಂಡವು. ಓಣಿಯಲ್ಲಿ ಉಳಿದದ್ದು ದುರುಗಪ್ಪನ ಬಂಡಿ ಒಂದೇ. ಉಸುಕು, ಕಟ್ಟಿಗೆ, ಏನು ಸಿಕ್ಕರೂ ಹೇರುತ್ತಿದ್ದ. ಬಂಡಿ ಬಿಟ್ಟರೆ ತಾನು ಯಾರು ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಸಂಜೆ ಓಣಿಯ ಕೊನೆಗೆ ಬಂಡಿ ತಿರುಗಿಸುವಾಗ, ಹಿರಿಯರ ಮಾತು ಇನ್ನೂ ನಡೆಯುತ್ತಿದೆಯಲ್ಲ ಎಂದು ಅವನ ಕೈ ಮೀಸೆಗೆ ಹೋಗುತ್ತಿತ್ತು.

ಆ ತಿರುವಿಗೆ ಹತ್ತಿದ ಮನೆ ಮೀರಾಬಿಯದು. ದುರುಗಪ್ಪನ ಜೋಡಿ ಬಂಡಿ ಹೊಡೆಯುತ್ತಿದ್ದು, ಈಗ ತೀರಿಹೋದ ನನ್ನೇಸಾಬನ ಹೆಂಡತಿ. ಮಂಡಿ ನೋವಿನವಳು, ಹೊಸ್ತಿಲ ಮುಂದೆ ನೆಲಕ್ಕೆ ಕೂತರೆ ಏಳುವುದೇ ಒಂದು ಸಾಹಸ. ಆದರೂ ಬಂಡಿ ಬರುವ ಹೊತ್ತಾದರೆ ಗೋಡೆ ಹಿಡಿದು ಎದ್ದು ಒಳಗೆ ಸರಿಯುತ್ತಿದ್ದಳು.

ತೊಂಬತ್ತೆರಡರ ಬೇಸಿಗೆ. ಎತ್ತುಗಳಿಗೆ ನೀರು ಕೇಳಲು ದುರುಗಪ್ಪ ಅವಳ ಹಿತ್ತಲಿಗೆ ಹೋದ. ಅಲ್ಲಿ ಫರಸಿ ಕಲ್ಲಿನ ಚಪ್ಪಡಿಗಳ ರಾಶಿ, ಸಂದಿಯಲ್ಲೆಲ್ಲ ಒಣಹುಲ್ಲು.

"ಇವು ಯಾವಾಗಿನವು ಅಕ್ಕ?"

"ನಿಮ್ಮಣ್ಣ ಎತ್ತು ಮಾರಿದ ವರ್ಷ ತಂದಿದ್ದ. ನಿನಗ ಕೂಡಾಕ ಒಂದು ಕಟ್ಟೆ ಕಟ್ಟಿಸ್ತೀನಿ ಅಂತ ನನಗ ಅಂದಿದ್ದ."

"ಮತ್ಯಾಕ ಕಟ್ಟಿಸಲಿಲ್ಲ?"

ಮೀರಾಬಿ ಕೊಡ ಮುಂದೆ ಸರಿಸಿದಳು. "ನಿನ್ನ ಬಂಡಿ ಐತಲ್ಲ ತಮ್ಮಾ."

ಮಾತಿನಲ್ಲಿ ಕೊಂಕಿರಲಿಲ್ಲ. ದುರುಗಪ್ಪ ಕೊಡ ಎತ್ತಿಕೊಳ್ಳದೆ ಕಲ್ಲುಗಳತ್ತ ತಿರುಗಿದ. ಹಿರಿಯರ ಮಾತು ಎಂದು ತಾನು ಬೀಗಿದ್ದೆಲ್ಲ ಈ ಮುದುಕಿಯ ಮಂಡಿಯ ಮೇಲೆ ನಡೆದಿತ್ತು. ಕಲ್ಲು ತಂದವನು ಕಟ್ಟೆ ಕಾಣದೆಯೇ ಮಣ್ಣಾಗಿದ್ದ.

ಮರುದಿನ ಹಳ್ಳದಿಂದ ಬಂಡಿ ತುಂಬ ಉಸುಕು ತಂದು, ಮೀರಾಬಿಯ ಬಾಗಿಲ ಪಕ್ಕಕ್ಕೆ, ತಿರುಗುವ ಜಾಗದಲ್ಲಿಯೇ ಸಲಿಕೆಯಿಂದ ಎಳೆದು ಹಾಕಿದ. ಹೆಂಡತಿ ಕನಕಮ್ಮ ಓಡಿ ಬಂದಳು.

"ಇಲ್ಲಿ ಹಾಕಿದ್ರ ಬಂಡಿ ಹ್ಯಾಂಗ ತಿರುಗಿಸ್ತಿ?"

"ತಿರುಗಿಸೂದಿಲ್ಲ."

ಎತ್ತುಗಳನ್ನು ನೊಗದಿಂದ ಬಿಚ್ಚಿದ. ಓಣಿಯವರು ಸೇರಿ ಬರಿ ಬಂಡಿಯನ್ನು ಹಿಂದಹಿಂದಕ್ಕೆ ನೂಕಿ ರಸ್ತೆಗೆ ಹಾಕಿದರು. ಆ ವಾರವೇ ಪಾಮನಕಲ್ಲೂರಿನ ರೈತನೊಬ್ಬ ಎತ್ತುಗಳನ್ನು ಕೊಂಡು ಹೊಡೆದುಕೊಂಡು ಹೋದ. ದುರುಗಪ್ಪ ಅತ್ತುಬಿಟ್ಟ, ಅದನ್ನು ಮುಚ್ಚಿಡಲೂ ಇಲ್ಲ.

ಕಟ್ಟೆ ಮುಗಿದ ದಿನ ಮೀರಾಬಿ ಅದರ ಮೇಲೆ ಕಾಲು ಇಳಿಬಿಟ್ಟು ಕೂತಳು. ಪಕ್ಕದಲ್ಲಿ ದುರುಗಪ್ಪ. ಹೊತ್ತು ಇಳಿಯುತ್ತ ಬಂದಂತೆ ಅವಳು ರೂಢಿಯಂತೆ ಗೋಡೆ ಹಿಡಿದು ಏಳಲು ಹೋದಳು.

"ಕೂಡು ಅಕ್ಕ," ಎಂದ ದುರುಗಪ್ಪ. "ಇನ್ನ ಯಾವ ಬಂಡೀನೂ ಬರೂದಿಲ್ಲ."